ಗಸಿಗೊಂದು ಪೀಪಾಯಿ

ಬಿಯರ್ ಕಾರ್ಖಾನೆಯಲ್ಲಿ ಹುದುಗು ಮುಗಿದ ಮೇಲೆ ತೊಟ್ಟಿಯ ತಳದಲ್ಲಿ ಗಸಿ ಉಳಿಯುತ್ತದೆ. ತೊಟ್ಟಿ ತೊಳೆಯುವವನು ಇಷ್ಟು ವರ್ಷ ಅದನ್ನು ಪೀಪಾಯಿಗೆ ಇಳಿಸಿ, ತೊಳೆದ ಕಾಸ್ಟಿಕ್ ಸೋಡಾದ ನೀರನ್ನೂ ಅದರ ಮೇಲೆಯೇ ಬಿಡುತ್ತಿದ್ದ. ಹೇಗೂ ಚೆಲ್ಲುವುದು ತಾನೇ. ಈಗ ಕಾರ್ಖಾನೆಯ ಹಿತ್ತಲಲ್ಲಿ ಗಸಿಯಿಂದ ಸತ್ವ ತೆಗೆಯುವ ಹೊಸ ಘಟಕ ಬಂದಿತ್ತು. ಗಸಿಗೆ ಬಿಳಿ ಪೀಪಾಯಿ, ಸೋಡಾ ನೀರಿಗೆ ಕೆಂಪು ಪೀಪಾಯಿ ಎಂದು ಅಪ್ಪಣೆಯಾಗಿತ್ತು.

“ಕಸಕ್ಕೂ ಇಷ್ಟೊಂದು ಉಪಚಾರ ಬೇಕಾ?” ಎಂದು ಅವನು ಪ್ರಯೋಗಾಲಯದ ಅಕ್ಕನನ್ನು ಕೆಣಕಿದ. ಅವಳು ಅವನ ಪಕ್ಕದ ಮನೆಯವಳೇ.

“ಅದು ಕಸ ಅಲ್ಲಪ್ಪ. ಅದರಲ್ಲಿ ಪ್ರೋಟೀನ್ ಇದೆ, ವಿಟಮಿನ್ ಇದೆ, ಮಾತ್ರೆ ಮಾಡೋರು ಹುಡುಕೋ ನಾರಿನಂಶ ಇದೆ. ತೊಳೆದು, ಅದರಲ್ಲಿರೋ ಯೀಸ್ಟಿನ ಜೀವಕಣ ಒಡೆದು, ಬೇಕಾದ್ದನ್ನ ಬೇರೆ ಮಾಡಿ, ಪರೀಕ್ಷೆ ಮಾಡ್ತೀವಿ. ಸೋಡಾ ಸೇರಿದ್ರೆ ಎಲ್ಲಾ ಹಾಳು.”

ಅವನು ತಲೆಯಾಡಿಸಿದನೇ ಹೊರತು ಕೈ ಹಳೆಯ ಚಾಳಿ ಬಿಡಲಿಲ್ಲ. ಕೆಂಪು ಪೀಪಾಯಿ ಆ ಮೂಲೆಯಲ್ಲಿತ್ತು, ಬಿಳಿಯದು ಕಾಲ ಬುಡದಲ್ಲೇ ಇತ್ತು. ಊಟಕ್ಕೆ ಕುಳಿತಾಗ ಮಾತ್ರ, ತಾನು ಬಳಿಯುವ ಗಸಿಯಲ್ಲಿ ಶಕ್ತಿ ತುಂಬಿದೆಯಂತೆ ಎಂದು ಮನೆಯವರನ್ನು ನಗಿಸಿದ. ಎಲ್ಲರೂ ನಕ್ಕರು, ಅವನ ತಾಯಿಯೊಬ್ಬಳು ನಗಲಿಲ್ಲ. ಹೆರಿಗೆಯಾದಾಗಿನಿಂದ ಸೊಸೆಯ ಮುಖದಲ್ಲಿ ರಕ್ತವಿಲ್ಲ ಎಂಬ ಚಿಂತೆ ಅವಳನ್ನು ತಿನ್ನುತ್ತಿತ್ತು.

ಆ ವಾರವೇ ಒಂದು ಸಂಜೆ ಅವನು ಮನೆಗೆ ಬಂದಾಗ ಅಡುಗೆಮನೆಯ ಕಟ್ಟೆಯ ಮೇಲೆ ಅಲ್ಯೂಮಿನಿಯಂ ಪಾತ್ರೆಯೊಂದು ನೊರೆ ಉಕ್ಕಿಸುತ್ತಿತ್ತು. ಅಂಚು ಕಪ್ಪಗಾಗಿತ್ತು.

“ಇದೇನಮ್ಮ?”

“ನಿನ್ನ ಮಾವ ಗೇಟಿನ ಕಾವಲಿನಲ್ಲಿದಾನಲ್ಲ, ಅವನೇ ಬಿಳಿ ಪೀಪಾಯಿಂದ ತಂದುಕೊಟ್ಟ. ಶಕ್ತಿ ಇದೆ ಅಂದೆಯಲ್ಲ, ಬಾಣಂತಿಗೆ ಒಂದು ಲೋಟ ಕೊಟ್ಟೆ.”

ಅವನು ಒಳಗೆ ಓಡಿದ. ಒಳಕೋಣೆಯಲ್ಲಿ ಹೆಂಡತಿ ಬಾಯಿಗೆ ಕೈಯೊತ್ತಿ ಕುಳಿತಿದ್ದಳು. ಮಡಿಲಲ್ಲಿ ಮಗು ಅಳುತ್ತಿತ್ತು. ನುಂಗಿದೆಯಾ ಎಂದು ಕೇಳಿದರೆ ಬಾಯುರಿಗೆ ನರಳಿದಳಷ್ಟೆ. ತಾಯಿ ಉಪ್ಪುನೀರು ಕಲಸಿ ವಾಂತಿ ಮಾಡಿಸಲು ಓಡಿಬಂದಳು. ಗದ್ದಲ ಕೇಳಿ ಬಂದ ಪಕ್ಕದ ಮನೆಯ ಅಕ್ಕ, ಕಟ್ಟೆಯ ಮೇಲೆ ನೊರೆಯುಕ್ಕುತ್ತಿದ್ದ ಪಾತ್ರೆಯನ್ನು ಕಂಡವಳೇ ತಾಯಿಯ ಕೈ ಹಿಡಿದು ತಡೆದಳು.

“ವಾಂತಿ ಮಾತ್ರ ಮಾಡಿಸ್ಬೇಡಿ. ಇಳಿಯುವಾಗ ಸುಟ್ಟಿದ್ದು ಹತ್ತುವಾಗಲೂ ಸುಡುತ್ತೆ. ನೀರಲ್ಲಿ ಬಾಯಿ ಮುಕ್ಕಳಿಸಿ ಉಗುಳಲಿ, ಈಗಲೇ ಆಸ್ಪತ್ರೆಗೆ ಹೊರಡೋಣ.” ಆಮೇಲೆ ಪಾತ್ರೆಯತ್ತ ಕೈ ತೋರಿಸಿದಳು. “ಗಸಿ ಹೀಗೆ ಪಾತ್ರೆ ತಿನ್ನಲ್ಲ. ಇದರಲ್ಲಿ ಸೋಡಾ ಎಲ್ಲಿಂದ ಬಂತು?”

“ನಾನೇ ಬಿಟ್ಟೆ” ಎಂದ ಅವನು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಹಸಿದ ಮಗುವನ್ನು ಹೆಗಲಿಗೆ ಹಾಕಿಕೊಂಡು ಅವನು ಅತ್ತಿಂದಿತ್ತ ನಡೆದ. ಬಾಗಿಲು ತೆರೆದಾಗಲೆಲ್ಲ ಅತ್ತ ತಿರುಗಿ ನೋಡಿದ. ತಾಯಿ ಬೆಂಚಿನ ಮೇಲೆ ಮುದುಡಿ ಕುಳಿತು, ಶಕ್ತಿ ಇದೆ ಅಂದಿದ್ದು ಹಾಗಾದರೆ ಸುಳ್ಳೇ ಎಂದು ಅಕ್ಕನನ್ನು ಕೇಳಿದಳು.

“ಸುಳ್ಳಲ್ಲ ದೊಡ್ಡಮ್ಮ. ಅದಿರಲ್ಲಿ ಕಬ್ಬಿಣ ಇದೆ ಅಂತ ಕಲ್ಲು ಕುಟ್ಟಿ ಕುಡಿಸ್ತೀರಾ? ಬೇರ್ಪಡಿಸಿ, ಶುದ್ಧ ಮಾಡಿ, ಪರೀಕ್ಷೆ ಮಾಡಿದ ಮೇಲೇನೇ ಅದು ಉಪಯೋಗಕ್ಕೆ ಬರೋದು. ಸೋಡಾ ಬೀಳದೇ ಇದ್ರೂ ಹಸಿ ಗಸಿ ಹೊಟ್ಟೆ ಕೆಡಿಸುತ್ತೆ. ಸೊಸೆಗೆ ರಕ್ತ ಕಡಿಮೆ ಅಂದ್ರೆ ಡಾಕ್ಟರಿಗೆ ತೋರಿಸಿ.”

ಕೊನೆಗೆ ವೈದ್ಯರು ಹೊರಬಂದರು. ನಾಲಿಗೆ, ಕೆನ್ನೆಯ ಒಳಭಾಗ ಸುಟ್ಟಿತ್ತು. ಗಸಿಯ ಕಹಿ ತಾಳದೆ ಅವಳು ಬಾಯಿಗೆ ಹಾಕಿದ್ದನ್ನೆಲ್ಲ ಆಗಲೇ ಉಗುಳಿಬಿಟ್ಟಿದ್ದಳು. ಗಂಟಲಿಗೆ ಏನೂ ಆಗಿರಲಿಲ್ಲ. ಅವನು ಗೋಡೆಗೊರಗಿ ಮಗುವಿಗಿಂತ ಜೋರಾಗಿ ಅತ್ತ.

ಮರುದಿನ ಅವನೇ ಕೆಂಪು ಪೀಪಾಯಿಯನ್ನು ತೊಟ್ಟಿಯ ಪಕ್ಕಕ್ಕೆ ಎಳೆದು ತಂದ. ಬಿಳಿಯದಕ್ಕೆ ಮುಚ್ಚಳ ಬಿಗಿದ. ಮಾವ ಈಗ ಗೇಟಿನಿಂದ ಒಂದು ಹನಿ ಗಸಿಯನ್ನೂ ಹೊರಗೆ ಬಿಡುವುದಿಲ್ಲ. ಬೀದಿಯವರು ಯಾರಾದರೂ ಗಸಿ ಕೇಳಿದರೆ ತಾಯಿ ಆ ಕಪ್ಪಗಾದ ಪಾತ್ರೆಯನ್ನು ತಂದು ಮುಂದಿಡುತ್ತಾಳೆ. ಹೆಂಡತಿಯ ನಾಲಿಗೆ ಇನ್ನೂ ಪೂರ್ತಿ ಮಾಗಿಲ್ಲ. ಅವನು ಹೊಸ್ತಿಲು ದಾಟುತ್ತಲೇ ಅವಳು ತೊದಲುತ್ತಾ ಒಂದೇ ಮಾತು ಕೇಳುತ್ತಾಳೆ: “ಕೆಂಪಿಗೇ ಬಿಟ್ರಾ?”

ಕಾರ್ಖಾನೆಯಲ್ಲಿ ದುಡಿಯುವ ಅಣ್ಣಂದಿರೇ, ಅಕ್ಕಂದಿರೇ, ಗಸಿಯಲ್ಲಿ ಒಳ್ಳೆಯದಿದೆ, ಅದನ್ನು ತೆಗೆಯಲು ಬಲ್ಲವರಿದ್ದಾರೆ. ಅವರ ಕೈ ಸೇರುವವರೆಗೆ ಅದನ್ನು ಬೇರೆಯಾಗಿಡಿ, ಮುಚ್ಚಿಡಿ, ಮನೆಗೆ ಒಯ್ಯಬೇಡಿ. ಸಂಜೆ ಕೈ ತೊಳೆದು ಹೊರಡುವ ಮುನ್ನ ಅವಳ ಪ್ರಶ್ನೆಯನ್ನು ನೀವೂ ಒಮ್ಮೆ ಕೇಳಿಕೊಳ್ಳಿ. ಕೆಂಪಿಗೇ ಬಿಟ್ಟಿರಾ?