ಗಳಗನಾಥದ ರಾಗ

ಕಾವೇರಿ ತನ್ನ ಅವ್ವನ ಕಿವಿಗೆ ಫೋನು ಹಿಡಿಯುವುದಕ್ಕೂ ಸೋದರಮಾವ ಗುಡದಪ್ಪ ಬಂದು ಅವಳ ರಟ್ಟೆ ಹಿಡಿಯುವುದಕ್ಕೂ ಸರಿಹೋಯಿತು.

"ಏನ್ ಮಾಡಾಕತ್ತೀದಿ?"

"ಒಂದ ಧಾರಾವಾಹಿ ಹಾಡು, ಮಾಮಾ. ಬರೇ ಮೂರು ನಿಮಿಷದ್ದು. ಅವ್ವಗ ಭಾಳ ಸೇರ್ತಿತ್ತು."

"ಹೆಣದ ಮುಂದ ಧಾರಾವಾಹಿ ಹಾಡು ಹಚ್ತಿ? ನಾಕ್ ಮಂದಿ ಕುಂತಾರ, ಏನಂದಾರು? ಒಳಗಿಡು ಅದನ್ನ."

ಕಾವೇರಿ ಫೋನನ್ನು ಮುಷ್ಟಿಯಲ್ಲೇ ಮುಚ್ಚಿಕೊಂಡಳು. ಅವ್ವ ಭರಮವ್ವನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಚೆಂಡು ಹೂವಿನ ಮಾಲೆ. ಬೆಳಿಗ್ಗೆ ಹೆಂಗಸರು ಎಷ್ಟು ತಿಕ್ಕಿ ತೊಳೆದರೂ ಬಲಗೈ ಹೆಬ್ಬೆರಳಿನ ತುದಿಯ ಕೆಂಪು ಹೋಗಿರಲಿಲ್ಲ. ಇಪ್ಪತ್ತೆರಡು ವರ್ಷ ಬ್ಯಾಡಗಿಯ ಗೋದಾಮಿನಲ್ಲಿ ಮೆಣಸಿನಕಾಯಿ ತೊಟ್ಟು ಮುರಿದ ಬೆರಳು ಅದು.

ಗುಡದಪ್ಪ ಗಳಗನಾಥದಿಂದ ತವರಿನ ಸೀರೆ ತಂದಿದ್ದ. ಆ ಸೀರೆ ಹೊದಿಸದೆ ಹೆಣ ಎತ್ತುವಂತಿಲ್ಲ, ಹಾಗಾಗಿ ಇವತ್ತಿನ ಯಜಮಾನಿಕೆ ಅವನದು. ಅಕ್ಕ ಬದುಕಿದ್ದಾಗ ವರ್ಷಕ್ಕೊಮ್ಮೆ ಪಂಚಮಿಗೆ ಬಂದು, ನಾಲ್ಕು ಉಂಡಿ ಕೊಟ್ಟು, ಚಹಾ ಆರುವ ಮೊದಲೇ ಬಸ್ಸು ಹಿಡಿಯುತ್ತಿದ್ದ ಮನುಷ್ಯ ಈಗ ಬಾಗಿಲಿಗೇ ಕುರ್ಚಿ ಹಾಕಿಕೊಂಡು ಕೂತಿದ್ದ.

"ಮೂರಕ್ಕ ಎತ್ತೂದು" ಎಂದ.

ಗೋಡೆಯ ಗಡಿಯಾರದಲ್ಲಿ ಒಂದೂವರೆ. ಸತ್ತವರಿಗೆ ಕೇಳುವುದಿಲ್ಲ ಎಂಬುದು ಕಾವೇರಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಮಣ್ಣಿಗೆ ಹೋಗುವ ಮೊದಲು ಆ ಸಂಗೀತ ಒಮ್ಮೆ ಅವ್ವನ ಕಿವಿಗೆ ಬೀಳದಿದ್ದರೆ ತಾನು ಉಳಿಯುವುದಿಲ್ಲ ಅನ್ನಿಸುತ್ತಿತ್ತು.

*

ಹೋದ ವರ್ಷದ ಮಾತು. ಜೆರಾಕ್ಸ್ ಅಂಗಡಿಯ ಕೆಲಸ ಮುಗಿಸಿ ಬಂದ ಕಾವೇರಿ ಫೋನಿನಲ್ಲಿ ಧಾರಾವಾಹಿ ನೋಡುತ್ತಿದ್ದಳು. ಎಲ್ಲಿಯದೋ ಹಿಮದ ದೇಶ, ಹಿಂದಿ ಮಾತು. ಭರಮವ್ವ ರೊಟ್ಟಿ ಬಡಿಯುತ್ತಿದ್ದಳು.

"ಏನವಾ ಅದು?"

"ರೆಕ್ಕಿ ಇರೋ ಪ್ರಾಣಿ ಬೆಂಕಿ ಉಗಳತೈತಿ, ರಾಜರು ಬಡದಾಡ್ತಾರ. ನಿನಗ ತಿಳಿಯಂಗಿಲ್ಲ ಬಿಡು."

ಕಂತು ಮುಗಿದು ಹೆಸರುಗಳು ಓಡತೊಡಗಿದವು. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಭರಮವ್ವನ ಕೈ ಹಿಟ್ಟಿನಲ್ಲೇ ನಿಂತುಬಿಟ್ಟಿತ್ತು.

"ಮತ್ತೊಮ್ಮೆ ಹಚ್ಚು. ಮಾತು ಬ್ಯಾಡ. ಬರೇ ಬಾರಸೋದು."

ಕಾವೇರಿ ಹುಡುಕಿ ಸಂಗೀತವನ್ನಷ್ಟೇ ಹಚ್ಚಿದಳು. ಮೊದಲು ದಪ್ಪ ದನಿಯ ಒಂದೇ ಒಂದು ಪಿಟೀಲು. ಅದರ ಪಕ್ಕಕ್ಕೆ ಇನ್ನೊಂದು ಬಂತು. ಆಮೇಲೆ ಐವತ್ತೋ ಅರವತ್ತೋ ಒಟ್ಟಿಗೆ ಎದ್ದವು, ಅಡಿಯಿಂದ ನಗಾರಿ ಬಂತು.

"ಏನ್ ಸೇರ್ತೈತಿ ನಿನಗ ಇದರಾಗ?" ಕಾವೇರಿ ನಕ್ಕಿದ್ದಳು.

ಭರಮವ್ವ ಸೀದ ರೊಟ್ಟಿ ತೆಗೆದಿಟ್ಟಳು. "ಹುಟ್ಟಿದಾಗಿಂದ ಮಂದಿ ನನಗ ಏನರ ಒಂದು ಹೇಳಕೋತನ ಬಂದಾರ. ನೀರ್ ತಾ, ಕಸಾ ಹೊಡಿ, ಲಗೂ ಲಗೂ ಮುರಿ. ಇದು ಏನೂ ಹೇಳಂಗಿಲ್ಲ ನೋಡು. ಎತ್ತಿಕೊಂಡು ಹೋಗಿ ನಮ್ಮ ಹೊಳಿ ದಂಡಿಗೆ ಬಿಡತೈತಿ. ಗಳಗನಾಥದಾಗ ವರದಾ ಬಂದು ತುಂಗಭದ್ರಾಕ್ಕ ಕೂಡತೈತಲ್ಲ, ಅಲ್ಲಿಗೆ."

ಅಂದಿನಿಂದ ದಿನಾ ಸಂಜೆ ಅದೇ ಬೇಡಿಕೆ. ಮೊದಮೊದಲು ಕಾವೇರಿಗೆ ತಮಾಷೆಯೆನಿಸಿತು. ಆಮೇಲೆ ತಲೆ ಚಿಟ್ಟು ಹಿಡಿಯಿತು.

*

ಎರಡರ ಹೊತ್ತಿಗೆ ಗೋದಾಮಿನ ಎಂಟು ಹೆಂಗಸರು ಅರ್ಧ ದಿನದ ರಜೆ ಹಾಕಿ ಬಂದರು. ಎಲ್ಲರಿಗಿಂತ ಮುಂದೆ ತಸ್ಲೀಮ್, ಭರಮವ್ವನ ಪಕ್ಕದಲ್ಲೇ ಅಷ್ಟೂ ವರ್ಷ ಕೂತು ದುಡಿದವಳು. ಅವರು ಬಂದದ್ದೇ ಮನೆಯೊಳಗೆ ಘಾಟು ಬಂತು. ಕೂತಿದ್ದ ಗಂಡಸರು ಒಬ್ಬೊಬ್ಬರಾಗಿ ಸೀನತೊಡಗಿದರು.

ಓಣಿಯ ಹೆಂಗಸರು ಭರಮವ್ವನ ಗುಣಗಳನ್ನು ಎತ್ತಿ ಎತ್ತಿ ಹಾಡಿಕೊಂಡು ಅಳುತ್ತಿದ್ದರು. ಕಾವೇರಿಗೆ ಅಳು ಬರುತ್ತಿರಲಿಲ್ಲ.

"ಅಳವಾ, ಎದಿ ಹಗರ ಆಕ್ಕೈತಿ" ಎಂದು ತಸ್ಲೀಮ್ ಬೆನ್ನು ಸವರಿದಳು. "ಕಡೀಕ ಏನರ ಕೇಳಿದ್ಲೇನು?"

"ಇಲ್ರಿ ಅಕ್ಕಾ" ಎಂದಳು ಕಾವೇರಿ.

*

ಕೇಳಿದ್ದಳು. ಮೊನ್ನೆ ಮಧ್ಯಾಹ್ನ, ಹಾವೇರಿಯ ಆಸ್ಪತ್ರೆಯಲ್ಲಿ. "ಅದನ್ನ ಹಚ್ಚವಾ ಒಂದೀಟು" ಎಂದಿದ್ದಳು, ಉಸಿರು ಹಿಡಿದು ಹಿಡಿದು. ಆಚೀಚೆ ಮಂಚಗಳ ಜನ ಇತ್ತಲೇ ನೋಡುತ್ತಿದ್ದರು. ಕಾವೇರಿಗೆ ನಾಲ್ಕು ದಿನದ ನಿದ್ದೆಗೇಡು ಬೇರೆ.

"ಚಾರ್ಜಿಲ್ಲವ್ವಾ. ಸುಮ್ನ ಮಲಗು."

"ಹೌದಾ? ಇರಲಿ ಬಿಡು." ಭರಮವ್ವ ಮಗಳ ಮಾತನ್ನು ನಂಬಿ ಕಣ್ಣು ಮುಚ್ಚಿದಳು.

ಕಾವೇರಿ ಹೊರಗಿನ ಬೆಂಚಿಗೆ ಹೋಗಿ ಫೋನು ನೋಡುತ್ತ ಕೂತಳು. ಅರವತ್ತೆರಡು ಪರ್ಸೆಂಟ್ ಇತ್ತು. ತಿರುಗಿ ಬಂದಾಗ ಅವ್ವನಿಗೆ ಎಚ್ಚರವಿರಲಿಲ್ಲ, ಮತ್ತೆ ಬರಲೂ ಇಲ್ಲ.

*

ಮೂರಕ್ಕೆ ಹತ್ತು ನಿಮಿಷವಿದ್ದಾಗ ಗುಡದಪ್ಪ ಸೀರೆಯ ಮಡಿಕೆ ಬಿಚ್ಚಿ ಅಕ್ಕನ ಮೈಗೆ ಹೊದಿಸಿದ.

"ಏಳ್ರಿ ಇನ್ನ. ಎತ್ತೂದೈತಿ."

"ತಡೀರಿ ಅಣ್ಣಾರ" ಎಂದಳು ತಸ್ಲೀಮ್. "ಆಕಿ ಹಾಡು ಇನ್ನ ಹಾಡಿಲ್ಲ."

"ಯಾವ ಹಾಡು?"

"ನಿಮ್ಮ ಗಳಗನಾಥದ್ದು. ದಿನಾ ಕೆಲಸದಾಗ ಆಕೀದು ಅದ ಗುನುಗು ನಡೀತಿತ್ತು. ಎಲ್ಲೀದವಾ ಅಂದ್ರ ನಮ್ಮ ಹೊಳಿ ದಂಡೀದು ಅಂತಿದ್ಲು. ಕೇಳಿ ಕೇಳಿ ನಮಗೂ ಬಂದೈತಿ. ನಿಮಗ ಗೊತ್ತಿರಬೇಕಲ್ರಿ."

ತಸ್ಲೀಮ್ ಸೆರಗಿನ ತುದಿ ಎಳೆದು ಮೂಗು ಬಾಯಿ ಮುಚ್ಚಿ ತಲೆಯ ಹಿಂದೆ ಗಂಟು ಹಾಕಿದಳು. ಮೆಣಸಿನಕಾಯಿ ರಾಶಿಯ ಮುಂದೆ ಕೂರುವವರು ಕಟ್ಟಿಕೊಳ್ಳುವುದು ಹಾಗೆಯೇ. "ಬಾಯಿ ಕಟ್ಟಿದ್ರನ ಇದು ಬರೋದು" ಎಂದಳು. ಉಳಿದ ಏಳು ಜನರೂ ಕಟ್ಟಿಕೊಂಡರು.

ಬಟ್ಟೆಯೊಳಗಿಂದ ಮಾತಿಲ್ಲದ ಒಂದೇ ದನಿ ಎದ್ದಿತು, ದಪ್ಪನೆಯದು. ಅದರ ಪಕ್ಕಕ್ಕೆ ಇನ್ನೊಂದು ಬಂತು.

ಕಾವೇರಿಗೆ ತಟ್ಟನೆ ಗುರುತು ಸಿಕ್ಕಿತು. ಮುಷ್ಟಿಯಲ್ಲಿದ್ದ ಫೋನಿನೊಳಗಿನದೇ ರಾಗ. ಹಿಮದ ದೇಶದ್ದು, ರಾಜರು ಬಡಿದಾಡಿದ ಮೇಲೆ ಬರುವಂಥದ್ದು.

ಮನೆ ತುಂಬ ಇದ್ದ ಕಣ್ಣೆಲ್ಲ ಗುಡದಪ್ಪನ ಮೇಲೆ. ಒಡಹುಟ್ಟಿದ ಅಕ್ಕನ ತವರಿನ ಹಾಡು ತಮ್ಮನಿಗೇ ಗೊತ್ತಿಲ್ಲವೆಂದರೆ? ಅದೂ ಅವಳ ಹೆಣದ ಮುಂದೆ? ಅವನ ಮುಖ ಬೆವರಿತು.

"ಗೊತ್ತಿಲ್ದ ಏನು" ಎಂದ. "ನಮ್ಮವ್ವನೂ ಹಾಡ್ತಿದ್ಲು. ಸಣ್ಣವ ಇದ್ದಾಗ ಕೇಳಿದ್ದೆ."

ಬೆಳಿಗ್ಗೆಯಿಂದ ಯಜಮಾನಿಕೆ ಮಾಡುತ್ತಿದ್ದವನು ಕುರ್ಚಿ ಬಿಟ್ಟು ನೆಲಕ್ಕೆ ಕೂತು, ಅಕ್ಕನ ಪಾದ ಹಿಡಿದು ಖರೆಯೇ ಅತ್ತ.

ತಸ್ಲೀಮ್ ಬಟ್ಟೆ ಸರಿಸಿ ಕಾವೇರಿಯ ಕಡೆ ತಿರುಗಿದಳು. "ನಿನಗೂ ಬರತೈತಿ ಹೌದಿಲ್ಲೋ? ನಿಮ್ಮವ್ವನ ತವರಿಂದು."

ಮಾವ ತಲೆಯೆತ್ತಿ ನೋಡಿದ. ಕಾವೇರಿಯ ಬಾಯಿಗೆ ಎರಡು ಮಾತು ಬಂದಿದ್ದವು, ಆಸ್ಪತ್ರೆಯ ಸುಳ್ಳಿನದೂ ಈ ಧಾರಾವಾಹಿ ರಾಗದ್ದೂ. ಎರಡನ್ನೂ ನುಂಗಿದಳು.

"ಬರತೈತ್ರಿ. ಹೊಳಿ ದಂಡೀದು" ಎಂದಳು.

ಫೋನನ್ನು ಕೆಳಗಿಟ್ಟು ವೇಲನ್ನು ಬಾಯಿಗೆ ಬಿಗಿದುಕೊಂಡಳು. ಒಳಗೆ ಉಸಿರು ಬಿಸಿಯಾಗಿ ತಿರುಗಿತು. ದನಿ ಹೊರಡುವ ಮೊದಲೇ ಕಣ್ಣೀರು ಬಂದು ಬಟ್ಟೆ ತೋಯಿಸಿತು. ಗುಡದಪ್ಪ ಗೊತ್ತಿಲ್ಲದ ರಾಗದ ಹಿಂದೆ ಒಂದು ಹೆಜ್ಜೆ ತಡವಾಗಿ ಗುನುಗುತ್ತ ಬರುತ್ತಿದ್ದ. ಎಂಟು ಹೆಂಗಸರ ಹೆಬ್ಬೆರಳುಗಳು ಮಡಿಲಲ್ಲಿ ತಮ್ಮ ಪಾಡಿಗೆ ತಾವು ಆಡುತ್ತಿದ್ದವು, ಇಲ್ಲದ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ. ಭರಮವ್ವನ ಕೆಂಪು ಹೆಬ್ಬೆರಳೊಂದು ಹೊಸ ಸೀರೆಯ ಅಂಚಿನಿಂದ ಹೊರಗೆ ಸುಮ್ಮನೆ ಬಿದ್ದಿತ್ತು.