ಮೊಸಳೆಯ ಬಾಯಲ್ಲಿದ್ದ ಮರಿಗಳು

ಹೊಳೆಯ ದಂಡೆಯ ಒಂದು ರಾಜ್ಯದಲ್ಲಿ ಮರಿಗಳ ಕ್ಷೇಮ ವಿಚಾರಿಸಲು ಅರಸನು ಆಮೆಯೊಬ್ಬಳನ್ನು ನೇಮಿಸಿದ್ದ. ಅವಳ ಹೆಸರು ಚಿಪ್ಪಮ್ಮ. ತಾನು ಮಾತ್ರ ಮರಳಿನಲ್ಲಿ ಮೊಟ್ಟೆಯಿಟ್ಟು, ಮೇಲೆ ಮಣ್ಣೆಳೆದು, ತಿರುಗಿಯೂ ನೋಡದೆ ಬಂದವಳು. "ಮಕ್ಕಳನ್ನು ಸಾಕುವುದು ಹೇಗೆಂದು ನನ್ನನ್ನು ಕೇಳಿ. ಸಾಕಿ ಅಭ್ಯಾಸವಿಲ್ಲ, ಹಾಗಾಗಿ ಗೊಂದಲವೂ ಇಲ್ಲ" ಎಂದು ತನ್ನನ್ನು ತಾನೇ ನಗೆಯಾಡಿಕೊಳ್ಳುತ್ತಿದ್ದಳು. ಕೆಲಸ ಮಾತ್ರ ಶ್ರದ್ಧೆಯದು.

ಒಂದು ಬೆಳಿಗ್ಗೆ ಬೆಳ್ಳಕ್ಕಿ ಹಾರಿಬಂದು ದೂರಿತು: "ಮೊಸಳೆ ಕೆಂಚವ್ವ ಹೆತ್ತ ಮರಿಗಳನ್ನೇ ಬಾಯಿಗೆ ಹಾಕಿಕೊಂಡಳು. ಕಣ್ಣಾರೆ ಕಂಡೆ."

ಕಂಡದ್ದು ಸುಳ್ಳಲ್ಲ. ಆಗಷ್ಟೇ ಮೊಟ್ಟೆಯೊಡೆದ ಮರಿಗಳನ್ನು ನೀರಿಗೆ ಒಯ್ಯಲು ಮೊಸಳೆಗೆ ಬಾಯಿಯ ಹೊರತು ಬೇರೆ ತೊಟ್ಟಿಲಿಲ್ಲ. ಚಿಪ್ಪಮ್ಮನಿಗೆ ಅದು ಗೊತ್ತಿರಲಿಲ್ಲ. ಸಾಕ್ಷಿಯನ್ನು ಜೊತೆಗೆ ಕರೆದುಕೊಂಡು ಹೋಗಿ ದಾರಿಗೆ ಅಡ್ಡ ನಿಂತಳು.

"ಮರಿಗಳೆಲ್ಲಿ, ಕೆಂಚವ್ವ?"

ಕೆಂಚವ್ವ ತುಟಿ ಪಿಟಕ್ಕೆನ್ನಲಿಲ್ಲ. ಬಾಯಿ ಬಿಟ್ಟರೆ ಮರಿಗಳು ಬೀಳುತ್ತವೆ. ಆಮೆಯ ಹಿಂದೆ ಬೆಳ್ಳಕ್ಕಿ ನಿಂತಿದೆ. ಜೋಡಿಯಾಗಿ ಬಂದಿದ್ದಾರೆಂದರೆ ಮರಿಗಳನ್ನು ತಿನ್ನಲು ಇಬ್ಬರೂ ಪಾಲುಗಾರರೇ ಇರಬೇಕು ಎಂದುಕೊಂಡಳು. ಕಣ್ಣಲ್ಲಿ ನೀರು ತುಂಬಿತು. ಅಳುವ ಮೊಸಳೆಯನ್ನು ನಂಬಬೇಡಿ ಎಂದು ಚಿಪ್ಪಮ್ಮನಿಗೆ ತರಬೇತಿಯಲ್ಲೇ ಕಲಿಸಿದ್ದರು.

"ಬಾಯಿ ತೆರೆಯಮ್ಮ. ಅರಸರ ಆಜ್ಞೆ."

ಬೇರೆ ದಾರಿ ಕಾಣದೆ ಕೆಂಚವ್ವ ಬಾಯಿ ತೆರೆದಳು. ಮರಿಗಳು ಚೀಂವ್‌ಗುಡುತ್ತ ಮರಳಿಗೆ ಉರುಳಿದವು. ಒಂದಕ್ಕೂ ಗೀರು ಗಾಯವಿಲ್ಲ. ಚಿಪ್ಪಮ್ಮನಿಗೆ ನಾಚಿಕೆಯಾಗುವಷ್ಟರಲ್ಲಿ ಬೆಳ್ಳಕ್ಕಿಯ ಕೊಕ್ಕು ಸರ್ರನೆ ಕೆಳಗಿಳಿಯಿತು. ಹುಟ್ಟಿದಂದಿನಿಂದ ಯಾವುದಕ್ಕೂ ಅವಸರ ಮಾಡದವಳು ದಡಬಡಿಸಿ ಹೋಗಿ ಮರಿಗಳ ಮೇಲೆ ಚಿಪ್ಪನ್ನು ಮಾಡಿನಂತೆ ಎತ್ತಿ ಹಿಡಿದಳು. ಕೊಕ್ಕು ಚಿಪ್ಪಿಗೆ ಬಡಿಯಿತು.

"ಅಯ್ಯೋ, ನನ್ನ ಮಕ್ಕಳನ್ನು ಹಿಸುಕಿಬಿಟ್ಟಿರಲ್ಲ ಅಮ್ಮಾವ್ರೇ!" ಕೆಂಚವ್ವ ದವಡೆ ಅಗಲಿಸಿ ನುಗ್ಗಿದಳು. ಆಮೆಯ ಹೊಟ್ಟೆಯಡಿಯಿಂದ ಚೀಂವ್‌ ಚೀಂವ್‌ ಕೇಳಿ ನಿಂತಳು. ಬಾಲ ಬೀಸಿ ಬೆಳ್ಳಕ್ಕಿಯನ್ನು ಓಡಿಸಿದಳು. ಮರಿಗಳನ್ನು ಮತ್ತೆ ಬಾಯಲ್ಲಿಟ್ಟು ನೀರಿಗೆ ಬಿಟ್ಟು ಬಂದಳು.

"ನೀವು ಆ ಬೆಳ್ಳಕ್ಕಿಯ ಕಡೆಯವರು ಅಂದುಕೊಂಡೆ" ಎಂದಳು.

"ನಾನೂ ಹಾಗೇ ನಡೆದುಕೊಂಡೆನಲ್ಲ, ತಾಯಿ" ಎಂದು ಚಿಪ್ಪಮ್ಮ ತಲೆ ತಗ್ಗಿಸಿ ನಕ್ಕಳು.

ಬೆಳ್ಳಕ್ಕಿ ನೇರ ಅರಮನೆಗೆ ಹಾರಿತ್ತು. ಮಧ್ಯಾಹ್ನದೊಳಗೆ ಚಿಪ್ಪಮ್ಮನ ಮೇಲೇ ವಿಚಾರಣೆಗೆ ಹೊಸ ಅಧಿಕಾರಿಯಾಗಿ ಒಂದು ಕಪ್ಪೆ ಬಂತು. ಸಾಕ್ಷಿ ಪಕ್ಕದಲ್ಲೇ ಇತ್ತು.

"ಎಳೆಯ ಮರಿಗಳ ಮೇಲೆ ಮೈ ಹಾಕಿದ್ದು ನಿಜವೇ?"

"ನಿಜ, ಆದರೆ..."

"ನಿಜ ಅಂದಿರಲ್ಲ, ಸಾಕು." ಕಪ್ಪೆ ದನಿ ಮೆದು ಮಾಡಿತು. "ಹೆದರಬೇಡಿ ಅಮ್ಮ, ನಿಮ್ಮ ಒಳ್ಳೆಯದಕ್ಕೇ ಬಂದಿದ್ದೇನೆ."

ಆ ದನಿಯಲ್ಲಿ ನಿಜವಾದ ಕನಿಕರವಿತ್ತು, ಬೆಳಿಗ್ಗೆ ಚಿಪ್ಪಮ್ಮನ ದನಿಯಲ್ಲಿದ್ದಂಥದ್ದೇ. ಅದನ್ನು ಕೇಳಿದ್ದೇ ತಡ, ಚಿಪ್ಪಮ್ಮನ ತಲೆ ಕಾಲುಗಳು ತಾವಾಗಿಯೇ ಚಿಪ್ಪಿನೊಳಗೆ ಸರಿದವು.

"ನೋಡಿದಿರಾ, ಏನನ್ನೋ ಬಚ್ಚಿಡುತ್ತಿದ್ದಾರೆ" ಎಂದಿತು ಕಪ್ಪೆ.

ಬೆಳ್ಳಕ್ಕಿ ಕಪ್ಪೆಯನ್ನೇ ನೋಡುತ್ತ, ಹೌದೆಂದು ತಲೆಯಾಡಿಸಿತು.