ಎದುರು ನಿಂತು ನೋಡದ ಲೈಟು

"ಎದುರು ನಿಂತು ನೋಡದ ಯಾವ ಗಾಡೀನೂ ಅಂಗಡಿ ಬಿಟ್ಟು ಕಳಸಂಗಿಲ್ಲ, ಉಸ್ತಾದ್."

ಓಬಣ್ಣ ಈ ಮಾತು ಕೊಟ್ಟು ಹನ್ನೊಂದು ವರ್ಷವಾಗಿತ್ತು. ಕೊಟ್ಟೂರಿನಲ್ಲಿ ಸ್ವಂತ ಅಂಗಡಿ ಇಡುತ್ತೇನೆಂದು ಏಕಾಂತಪ್ಪನ ಕಾಲಿಗೆ ಬಿದ್ದ ದಿನ ಅದು. ಓಬಣ್ಣನಿಗೆ ಗಾಡಿಗಳ ವೈರಿಂಗ್ ಕಲಿಸಿದವನು ಏಕಾಂತಪ್ಪ. ಅವನದೊಂದು ಪದ್ಧತಿ: ಲೈಟಿನ ಕೆಲಸವಾದರೆ ಕತ್ತಲಾಗುವ ತನಕ ಗಾಡಿ ಬಿಡಬಾರದು. ಕತ್ತಲಾದ ಮೇಲೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಸೈಕಲ್ ಏರಿ, ಒಂದು ಕಾಲು ಊರಿ, ಆ ಬೆಳಕಿಗೆ ಮುಖ ಕೊಟ್ಟು ನಿಲ್ಲಬೇಕು. ರಸ್ತೆಯ ಅಂಚು ಕಂಡರೆ ಕೆಲಸ ಸರಿ. ಕಾಣದಿದ್ದರೆ ಮತ್ತೆ ಬಿಚ್ಚಬೇಕು.

ಊರಿನ ಗೌಡ ಪಾಲಾಕ್ಷಪ್ಪ ತನ್ನ ಅಂಬಾಸಿಡರ್ ಕಾರು ತಂದು ನಿಲ್ಲಿಸಿದ್ದು ಮಗನ ದಿಬ್ಬಣದ ಹಿಂದಿನ ದಿನ.

"ದಾವಣಗೇರ್ಯಾಗ ನೋಡೀನಿ ಓಬಣ್ಣ. ಲೈಟಿನೊಳಗ ಹಸರು ಮಿಂಚಬೇಕು, ಬೆಳಕು ಮಾತ್ರ ಹಗಲು ಆಗಬೇಕು. ನಿನ್ನ ಕೈಲಿ ಆಗ್ತೈತೋ, ಹೊಸಪೇಟಿಗೆ ಹೋಗ್ಲೋ?"

ಅಂಬಾಸಿಡರಿನ ಮುಂದಿನ ಲೈಟುಗಳು ಗಾಜಿನಲ್ಲೇ ಸೀಲ್ ಆದಂಥವು. ಒಳಗಿನ ತಂತಿ ಸುಟ್ಟರೆ ಇಡೀ ಲೈಟನ್ನೇ ಬದಲಿಸಬೇಕು, ಬಿಚ್ಚಲೆಂದು ಮಾಡಿದವಲ್ಲ. ಆದರೆ ಹೊಸಪೇಟೆಯ ಹೆಸರು ಓಬಣ್ಣನಿಗೆ ಚುಚ್ಚಿತು. "ಯಾಕ್ರಿ ಹೊಸಪೇಟಿ? ಬಿಟ್ಟು ಹೋಗ್ರಿ," ಎಂದುಬಿಟ್ಟ.

ಅರ್ಧ ದಿನ ಅರದಿಂದ ಉಜ್ಜಿ ಉಜ್ಜಿ ಲೈಟಿನ ಹಿಂಬದಿ ತೂತು ಕೊರೆದ. ಹೆಚ್ಚು ವ್ಯಾಟಿನ ಬಲ್ಬೊಂದು, ಅದರ ಪಕ್ಕ ಹಸಿರು ಬಣ್ಣ ಬಳಿದ ಚಿಕ್ಕದೊಂದು ಕೂರಿಸಿ, ಸುತ್ತ, ಒಣಗಿದರೆ ಕಲ್ಲಾಗುವ ಲಪ್ಪದ ಅಂಟು ಮೆತ್ತಿದ. ಲಪ್ಪ ಒಣಗುವಾಗ ಬಲ್ಬು ಕೊಂಚ ವಾಲಿತು. ಅದು ಅವನ ಕಣ್ಣಿಗೆ ಬಿತ್ತು. ವಾಲಿದ ಬಲ್ಬಿನ ಬೆಳಕು ಮೇಲಕ್ಕೇ ಹೊಡೆಯುತ್ತದೆಂದೂ ಗೊತ್ತಿತ್ತು. ಕೀಳಲು ಹೋದರೆ ಗಾಜು ಒಡೆಯುತ್ತದೆ. ಹೊಸ ಲೈಟು ಕೊಟ್ಟೂರಿನಲ್ಲಿ ಸಿಗುವುದಿಲ್ಲ. ಹೊತ್ತು ಮುಳುಗಲು ಇನ್ನೂ ಸಮಯವಿರುವಾಗಲೇ ಪಾಲಾಕ್ಷಪ್ಪ ಗಾಡಿ ಒಯ್ಯಲು ಬಂದ.

"ಕತ್ಲಾಗ್ಲಿ ಗೌಡ್ರ, ಒಂದ್ಸಲ ನೋಡಿ ಕೊಡ್ತೀನಿ," ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಪಾಲಾಕ್ಷಪ್ಪ ಸ್ವಿಚ್ ಒತ್ತಿ, ಹಸಿರು ಮಿಂಚಿದ್ದನ್ನು ಕಂಡು, "ಭೇಷ್! ಹೊಸಪೇಟಿಯೋರು ನಿನ್ನ ಹತ್ರ ಕಲಿಬೇಕು ನೋಡು," ಎಂದು ಬೆನ್ನು ತಟ್ಟಿದ. ಓಬಣ್ಣ ಗಾಡಿ ಬಿಟ್ಟುಕೊಟ್ಟ. ಎದುರು ನಿಂತರೆ ಏನು ಕಾಣುತ್ತದೆಂದು ಗೊತ್ತಿದ್ದೇ ಅವನು ನಿಲ್ಲಲಿಲ್ಲ.

ಮೂರನೆಯ ದಿನ ಸುದ್ದಿ ಬಂತು: ದಿಬ್ಬಣದ ರಾತ್ರಿ ಕೂಡ್ಲಿಗಿ ರಸ್ತೆಯಲ್ಲಿ ಏಕಾಂತಪ್ಪ ಸೈಕಲ್ ಸಮೇತ ಮೋರಿಗೆ ಬಿದ್ದು ಕೈ ಮುರಿದುಕೊಂಡಿದ್ದಾನೆ.

ಓಬಣ್ಣ ಹೋದಾಗ ಏಕಾಂತಪ್ಪ ದಬ್ಬೆ ಕಟ್ಟಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು ಕೂತಿದ್ದ.

"ಬಾರಲೇ ಓಬ್ಯಾ. ನನ್ನ ಕಣ್ಣು ಹೋದ್ವಲೇ. ಎದುರಿಗೆ ಒಂದು ಕಾರು ಬಂತು. ಮೊದ್ಲು ಹಸರು ಕಂಡ್ತು, ಆಮ್ಯಾಲ ಬರೇ ಬೆಳ್ಳಗ. ರಸ್ತಿ ಎಲ್ಲೈತಿ ಅಂತ ತಿಳೀಲಿಲ್ಲ."

"ಕಾರಿನ ಬೆಳಕೇ ಜಾಸ್ತಿ ಇತ್ತೇನೋ ಅಂತ ಹೇಳಿ ಹೇಳಿ ಸಾಕಾತು," ಎಂದಳು ಅವನ ಹೆಂಡತಿ ಮರುಳಸಿದ್ದಮ್ಮ, ಚಹಾ ತಂದಿಡುತ್ತ. "ನನ್ನ ಮಾತು ಕೇಳಂಗಿಲ್ಲ. ನೀನರ ಹೇಳಪ್ಪ."

"ಸುಮ್ಕಿರು," ಎಂದ ಏಕಾಂತಪ್ಪ. "ಈ ಊರಾಗ ಲೈಟಿನ ಕೆಲಸ ಮಾಡಾಂವ ನನ್ನ ಶಿಷ್ಯ. ಎದುರು ನಿಂತು ನೋಡೇ ಗಾಡಿ ಬಿಡ್ತಾನ. ಅವನ ಕೈ ಮುಟ್ಟಿದ್ದು ಕಣ್ಣಿಗೆ ಹೊಡೀತೈತೇನು? ಹೌದಲ್ಲೋ ಓಬ್ಯಾ?"

ಓಬಣ್ಣ ಚಹಾದ ಮೇಲಿನ ಕೆನೆಯನ್ನು ನೋಡುತ್ತಿದ್ದ. ಒಂದೇ ಮಾತು ಸಾಕಿತ್ತು. ನಿಮ್ಮ ಕಣ್ಣು ಸರಿ ಅದಾವ್ರಿ ಎಂದರೆ, ಮುದುಕ ಕೈ ಕೂಡಿದ ಮೇಲೆ ಮತ್ತೆ ಕೆಲಸಕ್ಕೆ ಕೂರುತ್ತಿದ್ದ.

"ಹೌದ್ರಿ," ಎಂದ.

ಏಕಾಂತಪ್ಪ ಎಡಗೈಯಿಂದ ಮಂಚದ ಕೆಳಗಿನ ಪೆಟ್ಟಿಗೆಯನ್ನು ಎಳೆದ. ಬೆಸುಗೆ ಕಡ್ಡಿ, ಇಕ್ಕಳ, ಟೆಸ್ಟರ್, ಎಲ್ಲವನ್ನೂ ಹಳೆಯ ಬನಿಯನ್ನಿನಲ್ಲಿ ಸುತ್ತಿಟ್ಟಿದ್ದ. "ಕಾಣದಾಂವಗ ಯಾಕ ಇವು? ತಗೊಂಡು ಹೋಗು. ಇವಕ್ಕೆ ಮರ್ಯಾದಿ ಕೊಡಾಂವ ನೀನೊಬ್ಬನ."

ಮರುಳಸಿದ್ದಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಓಬಣ್ಣ ಪೆಟ್ಟಿಗೆ ಎತ್ತಿಕೊಂಡು, ಚಹಾ ಕುಡಿಯದೆ ಹೊರಗೆ ಬಂದ. ಗೋಡೆಗೆ ಆನಿಸಿದ್ದ ಉಸ್ತಾದನ ಸೈಕಲ್ಲಿನ ಮುಂದಿನ ಚಕ್ರ ಸೊಟ್ಟಗಾಗಿತ್ತು.

ಹನ್ನೊಂದು ವರ್ಷದ ಹಿಂದೆ ಕೊಟ್ಟ ಮಾತನ್ನು ಓಬಣ್ಣ ಮುರಿದಿದ್ದ. ಅದನ್ನು ಅವನು ಹೇಳಲಿಲ್ಲ.